ಬಟಾಣಿ ಕೇಳಿದ ಪ್ರಶ್ನೆ

ಬೇಕರಿಯವನ ಬಾಯಿಗೆ ಬೀಗವಿಲ್ಲವೆಂಬುದು ಊರಿಗೆಲ್ಲ ಗೊತ್ತು. ಬೆಳಗ್ಗೆ ಹಿಟ್ಟು ನಾದುವಾಗ ಶುರುವಾದರೆ, ಕೊನೆಯ ಬನ್ನು ಮಾರಿ ಬಾಗಿಲು ಎಳೆಯುವವರೆಗೂ ಮಾತೇ ಮಾತು. ಬ್ರೆಡ್ಡು ಕೊಳ್ಳಲು ಬಂದವರ ಮಂಡಿನೋವು, ಅವರ ಮನೆಯ ಸೋರುವ ನಲ್ಲಿ, ಮಗನ ಪರೀಕ್ಷೆ, ಎಲ್ಲದಕ್ಕೂ ಅವನ ಬಳಿ ಒಂದು ಸಲಹೆ ಇರುತ್ತಿತ್ತು. ಜನ ಅವನನ್ನು ರೇಡಿಯೊ ಎಂದೇ ಕರೆಯುತ್ತಿದ್ದರು. ಆ ಹೆಸರಿನ ಬಗ್ಗೆ ಅವನಿಗೂ ಒಳಗೊಳಗೇ ಹೆಮ್ಮೆ.

ಅಂಥವನ ಏಳು ವರ್ಷದ ಮಗಳಿಗೆ ಮಾತು ತಡೆಯುತ್ತಿತ್ತು. ದುಂಡಗೆ, ಪುಟ್ಟದಾಗಿ ಇದ್ದುದರಿಂದ ಮನೆಯಲ್ಲಿ ಅವಳ ಹೆಸರು ಬಟಾಣಿ. ಹೇಳಬೇಕಾದ ಮಾತಿನ ಮೊದಲ ಅಕ್ಷರ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ಕಣ್ಣು ಮುಚ್ಚಿ, ಗದ್ದ ಮುಂದೆ ಚಾಚಿ ಅವಳು ಅದನ್ನು ದಬ್ಬಬೇಕಿತ್ತು. ಶಾಲೆಯ ಗೇಟಿನ ಹತ್ತಿರ ಇಬ್ಬರು ಮಕ್ಕಳು ಅವಳನ್ನು ಅಣಕಿಸಿದ್ದನ್ನು ಕಣ್ಣಾರೆ ಕಂಡ ದಿನ ಅಪ್ಪ ಒಂದು ತೀರ್ಮಾನ ಮಾಡಿದ. ತಾನು ಪಕ್ಕದಲ್ಲಿರುವಾಗ ಮಗಳು ಹೀಗೆ ಒದ್ದಾಡಬಾರದು. ಅಂದಿನಿಂದ ಯಾರು ಅವಳನ್ನು ಏನೇ ಕೇಳಲಿ, ಅವಳು ಬಾಯಿ ತೆರೆಯುವ ಮುಂಚೆಯೇ ಅವನ ಉತ್ತರ ಸಿದ್ಧವಿರುತ್ತಿತ್ತು.

"ಅವಳಿಗೂ ಒಂದು ಬಾಯಿದೆ ಕಣ್ರೀ," ಎಂದು ಹೆಂಡತಿ ಆಗಾಗ ಹೇಳುತ್ತಿದ್ದಳು.

"ಇದೆ ಕಣೇ. ಆ ಬಾಯಿ ನೋಡಿ ಯಾರೂ ನಗಬಾರದು ಅಂತ ತಾನೆ ನಾನಿರೋದು?"

ಶಾಲೆಗೆ ರಜೆ ಬಂದಾಗ ಅವನು ಬೇಕರಿಗೆ ಒಂದು ದಿನ ಬಾಗಿಲು ಹಾಕಿ ಮಗಳನ್ನು ದೊಡ್ಡ ಪಟ್ಟಣಕ್ಕೆ ಕರೆದುಕೊಂಡು ಹೊರಟ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನಿಜವಾದ ತಿಮಿಂಗಿಲದ ಅಸ್ಥಿಪಂಜರ ಇದೆಯೆಂದು ಬಟಾಣಿ ಪಾಠಪುಸ್ತಕದಲ್ಲಿ ಓದಿದ್ದಳು. ಆಮೇಲೆ ಮೂರು ತಿಂಗಳು ಬೇಕರಿಯ ಮೇಜಿನ ಮೇಲೆ ಚೆಲ್ಲಿದ ಮೈದಾದಲ್ಲಿ ಬೆರಳಿನಿಂದ ಬರೀ ತಿಮಿಂಗಿಲಗಳನ್ನೇ ಬರೆದಿದ್ದಳು.

ಬಸ್ಸಿನಲ್ಲಿ ಪಕ್ಕ ಕೂತಿದ್ದ ಮುದುಕಿ, "ಎಲ್ಲಿಗೆ ಹೊರಟೆ ಪುಟ್ಟಿ?" ಎಂದು ಕೇಳಿದರು.

"ತಿಮಿಂಗಿಲ ನೋಡೋಕೆ ಅಜ್ಜಿ. ಎರಡನೇ ಕ್ಲಾಸು. ಲೆಕ್ಕದಲ್ಲಿ ಭಾರಿ ಚುರುಕು," ಎಂದ ಅಪ್ಪ. ಮುದುಕಿ ಕೇಳದೇ ಇದ್ದುದಕ್ಕೂ ಉತ್ತರ ಸಿಕ್ಕಿತ್ತು. ಬಟಾಣಿ ತೆರೆದ ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿದಳು.

ಪಟ್ಟಣ ಅವರಿಬ್ಬರನ್ನೂ ಕಣ್ಣರಳಿಸುವಂತೆ ಮಾಡಿತು. ಕತ್ತು ನೋಯುವಷ್ಟು ಎತ್ತರದ ಕಟ್ಟಡಗಳು, ಒಂದರ ಬೆನ್ನಿಗೆ ಒಂದು ಅಂಟಿದಂತೆ ಹೋಗುವ ಕಾರುಗಳು, ಬೊಂಬೆ ಅಂಗಡಿಯ ಗಾಜಿನೊಳಗೆ ತಾನೇ ತಾನಾಗಿ ಸುತ್ತುವ ರೈಲು. ಸುರಂಗದ ರೈಲು ಹಿಡಿಯಲು ಹೋದಾಗ ಚಲಿಸುವ ಮೆಟ್ಟಿಲು ಎದುರಾಯಿತು. ರೇಡಿಯೊ ಒಂದು ಕಾಲು ಮುಂದಿಟ್ಟ, ಹಿಂದಕ್ಕೆ ಎಳೆದುಕೊಂಡ, ಮತ್ತೆ ಇಟ್ಟ.

"ಮೆಟ್ಟಿಲು ಅಂದ್ರೆ ಒಂದು ಕಡೆ ಇರ್ಬೇಕಪ್ಪ! ಇದೇನು, ಕಾಲಿಡೋಕೆ ಮುಂಚೆ ಓಡಿಹೋಗುತ್ತೆ!"

ಬಟಾಣಿ ಕಿಲಕಿಲ ನಕ್ಕು, ಅಪ್ಪನ ಕೈ ಹಿಡಿದು, ಒಂದೇ ನೆಗೆತಕ್ಕೆ ಅವನನ್ನು ಹತ್ತಿಸಿದಳು. ಹತ್ತಿದ ಮೇಲೆ ಅವನಿಗೆ ಅದು ಎಷ್ಟು ಹಿಡಿಸಿತೆಂದರೆ, ಇಬ್ಬರೂ ಇನ್ನೆರಡು ಸಲ ಸುಮ್ಮಸುಮ್ಮನೆ ಮೇಲೆ ಹೋಗಿ ಕೆಳಗೆ ಬಂದರು.

ವಸ್ತುಸಂಗ್ರಹಾಲಯದ ನಡುವಿನ ಹಜಾರದಲ್ಲಿ, ಛಾವಣಿಯಿಂದ ಕಬ್ಬಿಣದ ತಂತಿಗಳಲ್ಲಿ ತಿಮಿಂಗಿಲ ತೂಗುತ್ತಿತ್ತು. ತಲೆಯಿಂದ ಬಾಲದವರೆಗೆ ನಡೆದರೆ ಬಟಾಣಿಗೆ ಅರವತ್ತೆರಡು ಹೆಜ್ಜೆ. ಅವಳು ಮೂರು ಸಲ ನಡೆದಳು. ಆಮೇಲೆ ಬಾಲದ ಕಡೆ ಹೋಗಿ, ಮೇಲೆ ನೋಡುತ್ತ ಕದಲದೇ ನಿಂತಳು.

ಅಷ್ಟರಲ್ಲಿ ನೀಲಿ ಕೋಟಿನ ಮಾರ್ಗದರ್ಶಿ ಹೆಂಗಸು ಬಂದು, ಅಲ್ಲಿದ್ದ ಹದಿನೈದು ಇಪ್ಪತ್ತು ಜನರನ್ನು ಒಟ್ಟುಗೂಡಿಸಿ ತಿಮಿಂಗಿಲದ ಕಥೆ ಹೇಳತೊಡಗಿದರು. ಅದರ ತೂಕ, ಅದರ ಊಟ, ಅದರ ಹಾಡು. ಕೊನೆಗೆ, "ಮಕ್ಕಳಲ್ಲಿ ಯಾರಾದ್ರೂ ಏನಾದ್ರೂ ಕೇಳ್ಬೇಕಾ?" ಎಂದರು.

ಬಟಾಣಿಯ ಕೈ ಮೇಲೆದ್ದಿತು.

ಅಪ್ಪ ಥಟ್ಟನೆ ಮುಂದೆ ಬಂದ. ಇಷ್ಟು ಜನರ ಮುಂದೆ! "ಮೇಡಂ, ಇದು ಎಷ್ಟು ವರ್ಷ ಬದುಕುತ್ತೆ ಅಂತ ಕೇಳ್ತಿದ್ದಾಳೆ," ಎಂದು ಒಂದೇ ಉಸಿರಿಗೆ ಹೇಳಿದ.

ಬಟಾಣಿ ಜೋರಾಗಿ ತಲೆಯಾಡಿಸಿದಳು. ಅದಲ್ಲ.

"ಅದಲ್ವಂತೆ," ಎಂದು ಹೆಂಗಸು ನಕ್ಕರು. "ಅವಳೇ ಹೇಳ್ಲಿ."

"ಅವಳಿಗೆ ಮಾತು ಸ್ವಲ್ಪ..."

"ಪರವಾಗಿಲ್ಲ. ನನಗೇನೂ ಅವಸರ ಇಲ್ಲ."

ಅವರು ಅಲ್ಲೇ ನೆಲದ ಮೇಲೆ ಮಂಡಿಯೂರಿ ಕೂತರು. ಬಟಾಣಿ ಕಣ್ಣು ಮುಚ್ಚಿದಳು, ಗದ್ದ ಚಾಚಿದಳು. "ಆ... ಆ... ಆ..." ಹಿಂದೆ ಯಾರೋ ಕಿಸಕ್ಕೆಂದರು. ಬೇಕರಿಯವನ ಗಂಟಲಲ್ಲಿ ಹತ್ತು ಮಾತು ಒಟ್ಟಿಗೆ ನುಗ್ಗಿದವು. ಆದರೆ ಮಗಳ ಪ್ರಶ್ನೆ ಏನೆಂಬುದೇ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಮಾತನ್ನು ಆಡುವುದಾದರೂ ಹೇಗೆ? ಅವನು ತುಟಿ ಕಚ್ಚಿಕೊಂಡು ನಿಂತ.

"ಆ ಎರಡು ಸ... ಸ... ಸಣ್ಣ ಮೂಳೆ," ಎಂದಳು ಬಟಾಣಿ, ಬಾಲದ ಕಡೆ ಬೆರಳು ತೋರಿಸಿ. "ಅವು ಯಾ... ಯಾವುದಕ್ಕೂ ಅಂಟಿಕೊಂಡೇ ಇಲ್ಲ. ಯಾಕೆ?"

ಎಲ್ಲರ ತಲೆಗಳೂ ಮೇಲೆದ್ದವು. ಹೌದು, ಅಷ್ಟು ದೊಡ್ಡ ಬೆನ್ನುಮೂಳೆಯ ಕೆಳಗೆ ಮೊಳದುದ್ದದ ಎರಡು ಮೂಳೆಗಳು ಬೇರೆಯಾಗಿ ತೂಗುತ್ತಿದ್ದವು. ಕಿಸಕ್ಕೆಂದವರೂ ಕತ್ತೆತ್ತಿ ನೋಡಿದರು.

ಹೆಂಗಸಿನ ಮುಖದಲ್ಲಿ ದೀಪ ಹಚ್ಚಿದಂತಾಯಿತು. "ಹನ್ನೊಂದು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ ಮರಿ. ಅದನ್ನ ತಾನಾಗೇ ಗಮನಿಸಿ ಕೇಳಿದ ಮೊದಲನೇ ಮಗು ನೀನು! ಅದು ಸೊಂಟದ ಮೂಳೆ. ಇದರ ಮುತ್ತಾತನ ಮುತ್ತಾತಂದಿರಿಗೆಲ್ಲ ನಾಲ್ಕು ಕಾಲಿದ್ವು, ನೆಲದ ಮೇಲೆ ಓಡಾಡ್ತಿದ್ವು. ನೀರಿಗಿಳಿದ ಮೇಲೆ ಹಿಂಗಾಲು ಹೋಯ್ತು. ಅಷ್ಟು ಮಾತ್ರ ಉಳಿದಿದೆ."

"ಹಾ... ಹಾಗಾದ್ರೆ ತಿಮಿಂಗಿಲ ನ... ನಡೀತಿತ್ತಾ?"

"ನಡೀತಿತ್ತು!"

ಬಟಾಣಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳ ಜೊತೆ ಅಲ್ಲಿದ್ದವರೆಲ್ಲ ನಕ್ಕರು. ಈ ನಗು ಬೇರೆಯೇ ಥರದ್ದು ಎಂಬುದು ಅಪ್ಪನಿಗೂ ತಿಳಿಯಿತು. ಆಮೇಲೆ ಅವಳು ಇನ್ನೂ ನಾಲ್ಕು ಪ್ರಶ್ನೆ ಕೇಳಿದಳು. ಅದರಲ್ಲೊಂದಕ್ಕೆ ಹೆಂಗಸಿಗೂ ಉತ್ತರ ಗೊತ್ತಿರಲಿಲ್ಲ. ಒಳಗೆ ಹೋಗಿ ದಪ್ಪ ಪುಸ್ತಕ ತಂದು, ಇಬ್ಬರೂ ನೆಲದ ಮೇಲೆ ಕೂತು ಹುಡುಕಿದರು.

ಬಟಾಣಿ ನೀರು ಕುಡಿಯಲು ಹೋದಾಗ ಬೇಕರಿಯವನು ಮೆಲ್ಲಗೆ ಹೇಳಿದ: "ತಪ್ಪು ತಿಳ್ಕೋಬೇಡಿ ಮೇಡಂ. ಜನ ನಗ್ತಾರೆ. ಅದಕ್ಕೇ ನಾನು ಮುಂಚೆ ಹೇಳಿಬಿಡ್ತೀನಿ. ಆ ನಗು ಅವಳ ಕಿವಿಗೆ ಬೀಳದೆ ಇರ್ಲಿ ಅಂತ."

"ನಾನೂ ಒಬ್ಬ ತಾಯಿ. ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ," ಎಂದರು ಹೆಂಗಸು. "ಆದ್ರೆ ಒಂದು ಹೇಳಿ. ಅವಳು ಇದನ್ನೇ ಕೇಳ್ತಾಳೆ ಅಂತ ನಿಮಗೆ ಗೊತ್ತಿತ್ತಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಇಷ್ಟು ದಿನದಲ್ಲಿ ಅವಳಿಂದ ತಾನು ಎಷ್ಟು ಪ್ರಶ್ನೆಗಳನ್ನು ನುಂಗಿಸಿರಬಹುದು ಎಂದು ಯೋಚಿಸಿ ಅವನ ಕಣ್ಣು ಹನಿಗೂಡಿತು.

ಸಂಜೆ ಬಸ್ ನಿಲ್ದಾಣ ಜಾತ್ರೆಯಂತಾಗಿತ್ತು. ಹತ್ತಾರು ಅಂಕಣ, ನೂರಾರು ಬಸ್ಸು. ಊರಿನ ಬಸ್ಸು ಹೊರಡಲು ಐದೇ ನಿಮಿಷ. ವಿಚಾರಣೆ ಕಿಟಕಿಯ ಮುಂದೆ ಸರದಿ ಬಂದಾಗ, ಅವನು ಬಟಾಣಿಯನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿದ.

"ಕೇಳಮ್ಮ, ನಮ್ಮ ಬಸ್ಸು ಎಲ್ಲಿ ನಿಂತಿದೆ ಅಂತ."

ಬಟಾಣಿ ಬೆರಗಾಗಿ ಅಪ್ಪನ ಮುಖ ನೋಡಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ, ಕಣ್ಣು ಮುಚ್ಚಿ ಶುರು ಮಾಡಿದಳು. ಊರಿನ ಹೆಸರಿನ ಮೊದಲ ಅಕ್ಷರವೇ ಮೊಂಡು ಹಿಡಿಯಿತು. ಕಿಟಕಿಯೊಳಗಿನ ಗುಮಾಸ್ತ ಗಡಿಯಾರ ನೋಡಿದ. ಹಿಂದಿನಿಂದ ಒಬ್ಬ, "ಏನ್ರೀ, ಬೇಗ ನೀವೇ ಕೇಳಬಾರ್ದಾ?" ಎಂದು ರೇಗಿದ.

ಬೇಕರಿಯವನು ತಿರುಗಿ ನಿಂತ. "ಸ್ವಲ್ಪ ತಾಳಿ ಅಣ್ಣ," ಎಂದ ನಯವಾಗಿ. "ಮಗಳು ಮಾತಾಡ್ತಿದ್ದಾಳೆ."

ಅವಳು ಪೂರ್ತಿ ಕೇಳಿದಳು. "ಹದಿನಾಲ್ಕನೇ ಅಂಕಣ, ಓಡಿ ಓಡಿ!" ಎಂದ ಗುಮಾಸ್ತ. ಅಪ್ಪ ಮಗಳು ಕೈ ಹಿಡಿದು ಓಡಿದರು. ಹದಿನಾಲ್ಕನೇ ಅಂಕಣ ಮುಟ್ಟುವಷ್ಟರಲ್ಲಿ ಬಸ್ಸಿನ ಹಿಂದಿನ ಕೆಂಪು ದೀಪ ಗೇಟು ದಾಟಿ ತಿರುಗುತ್ತಿತ್ತು.

ಬಟಾಣಿಯ ಮುಖ ಬಾಡಿತು. "ನ... ನನ್ನಿಂದ ಬಸ್ಸು ತಪ್ಪಿತು ಅಪ್ಪ."

"ಹೋದರೆ ಹೋಯ್ತು ಬಿಡು! ಇನ್ನೊಂದು ಗಂಟೆಗೆ ಬೇರೆ ಇದೆ," ಎಂದ ಅವನು, ಏದುಸಿರು ಬಿಡುತ್ತ ಬೆಂಚಿನ ಮೇಲೆ ಕೂತು. ಮುಂದಿನ ಮಾತು ಅಭ್ಯಾಸಬಲದಿಂದ ನಾಲಿಗೆಗೆ ಬಂತು. ಅದನ್ನು ಅಲ್ಲೇ ನಿಲ್ಲಿಸಿ, ಮಗಳನ್ನು ಪಕ್ಕಕ್ಕೆ ಎಳೆದುಕೊಂಡ.

"ತಿಮಿಂಗಿಲ ಯಾಕೆ ನೀರಿಗೆ ಹೋಯ್ತಂತೆ? ನನಗೆ ಸರಿಯಾಗಿ ತಿಳೀಲಿಲ್ಲ. ನೀನು ಹೇಳು."

ಬಟಾಣಿ ಕಾಲು ಮಡಚಿ ಬೆಂಚಿನ ಮೇಲೆ ಸರಿಯಾಗಿ ಕೂತಳು. ಅವಳು ಆ ಇಡೀ ಗಂಟೆ ಮಾತಾಡಿದಳು. ರೇಡಿಯೊ ಅವಳ ಮಾತು ಕೇಳುತ್ತ ಕೂತಿದ್ದ.