ನಾಲ್ಕು ಸಾವಿರಕ್ಕೆ ನಿಂತ ಭಾಗಾಕಾರ

ತಪ್ಪು ಲೆಕ್ಕ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಶಿವಮೊಗ್ಗದ ಕಾಲೇಜಿನಲ್ಲಿ ಗಣಿತ ಕಲಿಸುವವಳು ನಾನು. ಮಕ್ಕಳು ರಂಜಿನಿ ಮಿಸ್ ಎಂದರೆ ಹೆದರುತ್ತಾರೆ. ಆದರೆ ಈ ಸಲ ಉರಿ ಹತ್ತಿದ್ದು ನನ್ನದೇ ತಪ್ಪಿಗೆ.

ಪ್ರತಿ ವರ್ಷ ಅವಿಭಾಜ್ಯ ಸಂಖ್ಯೆಯ ಪಾಠದಲ್ಲಿ ಬೋರ್ಡಿನ ಮೇಲೆ 1,61,36,189 ಎಂದು ಬರೆದು, "ಒಂದನ್ನೂ ಇದನ್ನೂ ಬಿಟ್ಟರೆ ಯಾವುದೂ ಇದನ್ನು ಭಾಗಿಸಲ್ಲ. ನಾನೇ ಕೈಯಾರೆ ನೋಡಿದ್ದೀನಿ" ಎಂದು ಜಂಬ ಕೊಚ್ಚುತ್ತೇನೆ. ಈ ವರ್ಷ ಹಿಂದಿನ ಬೆಂಚಿನ ರೂಹಿ ಎದ್ದು ನಿಂತಳು.

"ಮಿಸ್, ಇದು ಒಡೆಯುತ್ತೆ. 4007 ಇಂಟು 4027."

ಬೋರ್ಡಿನ ಮೂಲೆಯಲ್ಲಿ ಗುಣಿಸಿ ನೋಡಿದೆ, ಸರಿಯಿತ್ತು. 4007 ನನ್ನಪ್ಪನ ಟೋಕನ್ ನಂಬರ್. ಭದ್ರಾವತಿಯ ಕಾರ್ಖಾನೆಯಲ್ಲಿ ಊಟದ ಕ್ಯಾರಿಯರ್ ಅದಲುಬದಲಾಗದಿರಲೆಂದು ನಮ್ಮ ಕ್ವಾರ್ಟರ್ಸಿನವರು ಮುಚ್ಚಳದ ಮೇಲೆ ಟೋಕನ್ ನಂಬರ್ ಕೊರೆಸುತ್ತಿದ್ದರು. ಪಕ್ಕದ ಮನೆಯ ಹೂವಪ್ಪ ಮಾವನ ಕ್ಯಾರಿಯರ್ ಮೇಲಿದ್ದದ್ದು 4027. ಅವರ ಮಗ ಧರ್ಮೇಂದ್ರ.

ಅವನೂ ನಾನೂ ಒಂದೇ ಬಸ್ಸಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಬರುತ್ತಿದ್ದೆವು. ದಾರಿಯುದ್ದಕ್ಕೂ ಟಿಕೆಟ್ ನಂಬರ್ ಒಡೆಯುವುದೇ ನಮ್ಮ ಆಟ. ಕೊನೆಯ ಪರೀಕ್ಷೆಯ ದಿನ ಅವನು ಟಿಕೆಟಿನ ಹಿಂದೆ ಇದೇ 1,61,36,189 ಬರೆದುಕೊಟ್ಟ. "ಒಡೆದು ನೋಡು. ನನ್ ಮನಸ್ಸಲ್ಲಿರೋದು ಅದ್ರಲ್ಲೇ ಇದೆ."

ಹದಿನೈದು ದಿನ ಕೂತು ಭಾಗಿಸಿದೆ. ವರ್ಗಮೂಲದವರೆಗೆ ನೋಡಿದರೆ ಸಾಕಲ್ಲ? ಒಂದು ಕೋಟಿ ಅರವತ್ತು ಲಕ್ಷಕ್ಕೆ ವರ್ಗಮೂಲ ನಾಲ್ಕು ಸಾವಿರ. ಅಲ್ಲಿಗೆ ನಿಲ್ಲಿಸಿದೆ. ಮೇಲಿನ ಒಂದು ಲಕ್ಷದ ಚಿಲ್ಲರೆ ಮರೆತೇಹೋಯಿತು. ಯಾವುದೂ ಭಾಗಿಸಲಿಲ್ಲ; ಈ ಸಂಖ್ಯೆಯ ಹಾಗೆ ತಾನೂ ಒಂಟಿಯಾಗಿರಬೇಕು ಎನ್ನುತ್ತಿದ್ದಾನೆ ಎಂದುಕೊಂಡು ಅತ್ತುಬಿಟ್ಟೆ. ಮರುದಿನ ಮುಖ ಬಿಗಿದುಕೊಂಡು, "ಇದು ಒಂಟಿ ಸಂಖ್ಯೆ. ಅರ್ಥ ಆಯ್ತು ಬಿಡು" ಎಂದೆ. ಅವನು "ಸರಿ" ಎಂದು ಹೊರಟುಹೋದ.

4001, 4003, 4007. ಇನ್ನು ಮೂರೇ ಮೂರು ಭಾಗಾಕಾರ ಬಾಕಿ ಇತ್ತು. ಹದಿನಾಲ್ಕು ವರ್ಷ ಆ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆಯುವ ನೆಪದಲ್ಲಿ ಅವನನ್ನೇ ನೆನೆದಿದ್ದೇನೆ. ಮದುವೆಯ ಮಾತು ಬಂದಾಗಲೆಲ್ಲ ಏನೋ ನೆವ ಹೇಳಿ ತಪ್ಪಿಸಿಕೊಂಡಿದ್ದೇನೆ.

ಶನಿವಾರ ಮಧ್ಯಾಹ್ನ ಭದ್ರಾವತಿಯ ಬಸ್ಸು ಹತ್ತಿದೆ. ಓಲ್ಡ್ ಟೌನಿನಲ್ಲಿ ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಗೋಡೆಯ ಮೊಳೆಗೆ ಅವನ ಮಗಳ ಗುಲಾಬಿ ಬಣ್ಣದ ಸ್ಕೂಲ್ ಬ್ಯಾಗ್ ನೇತಾಡುತ್ತಿತ್ತು. ವಾಪಸ್ ಹೋಗಿಬಿಡಬೇಕು ಅನ್ನಿಸಿತು. ಹೋಗಲಿಲ್ಲ.

"ಧರ್ಮೇಂದ್ರ, ಅದು ಒಡೆಯುತ್ತೆ."

ಯಾವುದು ಎಂದು ಅವನು ಕೇಳಲಿಲ್ಲ. "ನಂಗೊತ್ತಿಲ್ವಾ ಮಾರಾಯ್ತಿ? ಗುಣಿಸಿದ್ದೇ ನಾನು."

"ನಾನು ನಾಲ್ಕು ಸಾವಿರಕ್ಕೆ ನಿಲ್ಸಿಬಿಟ್ಟಿದ್ದೆ."

ಅವನು ಸ್ಪ್ಯಾನರ್ ಕೆಳಗಿಟ್ಟ. ನನಗೆ ಸಿಟ್ಟು ಬಂತು.

"ತಪ್ಪು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ನಿನ್ ಲೆಕ್ಕ ತಪ್ಪಬಹುದು ಅಂತ ನಂಗೆ ಹೊಳೀಲೇ ಇಲ್ಲ ಕಣೆ" ಎಂದ. "ಒಡೆದು ನೋಡಿದ್ಮೇಲೂ ನೀನು ಬೇಡ ಅಂದೆ ಅಂತ ತಿಳ್ಕೊಂಡೆ."