ಕಾಲು ಮಿಲಿಮೀಟರ್ ಜಾಗ

ಶನಿವಾರ ಬೆಳಿಗ್ಗೆ ಪುಣೆಯ ಹಡಪಸರದ ಗ್ಯಾರೇಜಿನಲ್ಲಿ ಕಪಾಟು ಒರೆಸುತ್ತಿದ್ದ ಮಾಧುರಿಗೆ ಒಂದು ಪಿಸ್ಟನ್ ಸಿಕ್ಕಿತು. ಅದು ಆ ಡಬ್ಬಿಯಲ್ಲಿ ಇರಬಾರದಿತ್ತು. ಡಬ್ಬಿಯ ಮೇಲೆ 'ಹಳೇ ಮಾಡೆಲ್' ಎಂದು ಅವಳೇ ಬರೆದಿದ್ದಳು. ಒಳಗಿದ್ದದ್ದು ಹೊಸ ಮಾಡೆಲಿನದು.

ಗ್ಯಾರೇಜು ಅವಳ ಮಾವ ಸಿದ್ದಲಿಂಗಪ್ಪನವರದು. ಜಮಖಂಡಿ ಕಡೆಯಿಂದ ಪುಣೆಗೆ ಬಂದು ನಲವತ್ತು ವರ್ಷವಾಗಿತ್ತು. ಅವರು ಮುಟ್ಟುತ್ತಿದ್ದದ್ದು ಐವತ್ತು ವರ್ಷದ ಹಿಂದಿನ ಮೋಟಾರ್‌ಸೈಕಲ್‌ಗಳನ್ನು ಮಾತ್ರ. ಅದರಲ್ಲೂ ಒಂದೇ ಕಂಪನಿಯ ಎರಡು ಮಾಡೆಲ್ ಹೆಚ್ಚು. ಹಳೆಯದರಲ್ಲಿ ಎಂಜಿನ್ನಿನ ಮುಚ್ಚಳವಾದ ಹೆಡ್ಡು ಆಳ, ಪಿಸ್ಟನ್ ಎತ್ತರ. ಆಮೇಲೆ ಬಂದದ್ದರ ಹೆಡ್ಡು ಆಳ ಕಡಿಮೆ, ಅದಕ್ಕೆ ಪಿಸ್ಟನ್ನೂ ಗಿಡ್ಡ; ಏರಿನಲ್ಲಿ ಜೋರಾಗಿ ಎಳೆಯುತ್ತದೆ. ಹಳೆಯ ಎಂಜಿನ್ನಿಗೆ ಹೊಸ ಹೆಡ್ಡು ಕೂರಿಸಬಹುದು, ಆದರೆ ಪಿಸ್ಟನ್ನೂ ಜೊತೆಗೇ ಬದಲಾಗಬೇಕು. ಎರಡೂ ಪಿಸ್ಟನ್‌ಗಳ ಸುತ್ತಳತೆ ಒಂದೇ, ಪಿನ್ನು ಒಂದೇ, ರಿಂಗು ಒಂದೇ. ವ್ಯತ್ಯಾಸವೆಂದರೆ ಎತ್ತರದಲ್ಲಿ ಒಂದೂಕಾಲು ಮಿಲಿಮೀಟರ್.

ಮಾಧುರಿ ಏಳು ವರ್ಷದಿಂದ ಅವರ ಕೈಕೆಳಗೆ ಕೆಲಸ ಕಲಿತಿದ್ದಳು. ಎಂಜಿನ್ ಬಿಚ್ಚುವುದು, ತೊಳೆಯುವುದು, ಲೇತಿನ ಕೆಲಸ ಎಲ್ಲ ಅವಳದೇ. ಭಾಗ ಜೋಡಿಸಿ ಎಂಜಿನ್ ಮುಚ್ಚುವುದನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

"ಮಾವಾರ, ನಿನ್ನೆ ಮಿಥುನ ಅವರ ಗಾಡಿಗೆ ಯಾವ ಪಿಸ್ಟನ್ ಹಾಕೀರಿ?"

"ಹೊಸಾದು. ಹೆಡ್ಡೂ ಹೊಸಾದು. ಯಾಕ?"

"ಹೊಸಾದು ಇಲ್ಲೇ ಅದರಿ."

"ಕೈಯಾಗ ಹಿಡದ್ರ ಸಾಕವಾ, ನನಗ ಗೊತ್ತಾಗ್ತದ."

ಮಾಧುರಿ ಪಿಸ್ಟನ್ನಿಗೆ ಅಳತೆಯ ವರ್ನಿಯರ್ ಹಿಡಿದು ಅವರ ಮುಂದೆ ಚಾಚಿದಳು. "ನೀವ ಓದ್ರಿ."

ಸಿದ್ದಲಿಂಗಪ್ಪ ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬಾಗಿಲ ಬೆಳಕಿಗೆ ಒಯ್ದರು. ಕೊನೆಗೆ ಮೇಜಿನ ಮೇಲಿಟ್ಟರು.

"ಆರು ತಿಂಗಳಾತು. ಗೀಟು ಕಾಣವಲ್ಲವು," ಎಂದರು. "ಹೇಳಿದ್ರ ಗಿರಾಕಿ ಯಾರು ಬರ್ತಾರ?"

ಅವಳಿಗೆ ಸಿಟ್ಟು ಬಂತು. ಆದರೆ ಆಗ ಸಿಟ್ಟಿಗೆ ಸಮಯವಿರಲಿಲ್ಲ. ಮೈಸೂರಿನ ಮಿಥುನ ಹಡಪಸರದಲ್ಲೇ ಐಟಿ ಕೆಲಸದಲ್ಲಿದ್ದವನು. ಬೆಳಿಗ್ಗೆ ಆರಕ್ಕೇ ಇಬ್ಬರು ಗೆಳೆಯರ ಜೊತೆ ಹೊರಟು ಭೋರ್ ದಾಟಿ ಘಾಟ್ ಹತ್ತುವವನಿದ್ದ. ಅವನ ಗಾಡಿಗೆ ಹೋದ ಎತ್ತರದ ಪಿಸ್ಟನ್ ಹೊಸ ಹೆಡ್ಡಿನ ಕೆಳಗೆ ಬೀದಿಯಲ್ಲಿ ಸುಮ್ಮನೆ ತಿರುಗೀತು. ಘಾಟಿನ ಏರಿನಲ್ಲಿ ಕಾದು ಹೆಡ್ಡಿಗೆ ಬಡಿದರೆ ಎಂಜಿನ್ ಸೀಜ್ ಆಗಿ, ಓಡುತ್ತಿರುವಾಗಲೇ ಚಕ್ರ ಹಿಡಿದುಕೊಳ್ಳುತ್ತದೆ.

ಎರಡು ಸಲ ಫೋನ್ ರಿಂಗಾಗಿ ಕಟ್ಟಾಯಿತು. ಮೂರನೆಯ ಸಲ ಅವನು ಎತ್ತಿದ. ಮಾಧುರಿಯ ಕೈಯಿಂದ ಸಿದ್ದಲಿಂಗಪ್ಪ ಫೋನ್ ತೆಗೆದುಕೊಂಡರು.

"ಹೇಳಿ ಅಂಕಲ್! ಗಾಡಿ ಸೂಪರ್ ಆಗಿದೆ. ಭೋರ್‌ನಲ್ಲಿ ತಿಂಡಿ ಮುಗೀತು, ಇನ್ನು ಘಾಟ್ ಸ್ಟಾರ್ಟ್."

"ಚಾಲೂ ಮಾಡಬ್ಯಾಡ್ರಿ. ಕಿಕ್ಕಿಗೆ ಕಾಲ ಹಚ್ಚಬ್ಯಾಡ್ರಿ. ನಾ ತಪ್ಪು ಪಿಸ್ಟನ್ ಹಾಕೀನಿ. ಅಲ್ಲೇ ಇರ್ರಿ, ನಾವು ಬರ್ತೀವಿ."

ಗಿಡ್ಡ ಪಿಸ್ಟನ್ನನ್ನೂ ಹತಾರಗಳನ್ನೂ ಕಟ್ಟಿಕೊಂಡು ಮಾಧುರಿಯ ಸ್ಕೂಟರಿನಲ್ಲಿ ಕಾತ್ರಜ ದಾಟಿ ಭೋರ್ ಮುಟ್ಟುವಾಗ ಹನ್ನೊಂದು ಗಂಟೆ. ಗೆಳೆಯರು ಮುಂದೆ ಹೋಗಿಬಿಟ್ಟಿದ್ದರು. ಮಿಥುನ ಹೋಟೆಲಿನ ಪಕ್ಕದ ಹುಣಸೆಮರದ ಕೆಳಗೆ ಒಬ್ಬನೇ ಕುಳಿತಿದ್ದ.

"ಚೆಕ್ ಮಾಡ್ದೆ ಕೊಟ್ರಾ ಅಂಕಲ್? ಘಾಟಲ್ಲಿ ಸೀಜ್ ಆಗಿದ್ರೆ ಇಷ್ಟೊತ್ತಿಗೆ ನಾನು ಕಣಿವೇಲಿ ಬಿದ್ದಿರ್ತಿದ್ದೆ."

"ಹೌದ್ರಿ," ಎಂದರು ಸಿದ್ದಲಿಂಗಪ್ಪ.

ಮಾಧುರಿ ಪ್ಲಗ್ ಬಿಚ್ಚಿ ತೂತಿನೊಳಗೆ ಮೆತ್ತನೆಯ ಬೆಸುಗೆ ತಂತಿ ಇಳಿಬಿಟ್ಟು, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿದಳು. ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಸಿಕ್ಕ ತಂತಿಯ ತುದಿ ಚಪ್ಪಟೆಯಾಗಿ ಹೊರಬಂತು. ಅಳೆದು, "ಕಾಲು ಮಿಲಿಮೀಟರ್," ಎಂದಳು. "ಒಂದೂವರೆ ಇರಬೇಕಾಗಿತ್ತು."

ಹೆಡ್ಡು ತೆಗೆದಾಗ ಪಿಸ್ಟನ್ನಿನ ಅಂಚಿನಲ್ಲಿ ಉಗುರಿನಷ್ಟು ಅಗಲಕ್ಕೆ ಲೋಹ ಹೊಳೆಯುತ್ತಿತ್ತು. ಆಗಲೇ ತಾಗಲು ಶುರುವಾಗಿತ್ತು. ಮಿಥುನ ಬಗ್ಗಿ ನೋಡಿದವನು ಎದ್ದುಹೋಗಿ ರಸ್ತೆಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತ.

ಹಳೆಯ ಪಿಸ್ಟನ್ ಬಿಚ್ಚಿದ ಮೇಲೆ ಸಿದ್ದಲಿಂಗಪ್ಪ ಅಭ್ಯಾಸಬಲದಿಂದ ಎಂಜಿನ್ನಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತರು. ಗಿಡ್ಡ ಪಿಸ್ಟನ್ನನ್ನು ಕೈಗೆತ್ತಿಕೊಂಡರು. ಮತ್ತೆ ಅದನ್ನು ಸೊಸೆಯ ಕಡೆ ಚಾಚಿದರು.

"ನೀನ ಮುಚ್ಚವಾ."

ಮಾಧುರಿ ಮುಚ್ಚಿದಳು. ಅವರು ನಟ್ಟು ಬಿಗಿಸುವ ಪಾನಾ ಕೊಟ್ಟರು, ಬಟ್ಟೆ ಕೊಟ್ಟರು, ಕೇಳದೆ ಬಾಯಿ ಹಾಕಲಿಲ್ಲ. ಮತ್ತೊಮ್ಮೆ ತಂತಿ ಇಳಿಬಿಟ್ಟು ತೆಗೆದಾಗ ಅವಳು ವರ್ನಿಯರನ್ನು ಮಿಥುನನಿಗೇ ಕೊಟ್ಟಳು. ಅವನು ಗೀಟು ಎಣಿಸಿ, "ಒಂದೂವರೆ," ಎಂದ.

ಟೀ ತರಿಸಿದವನು ಅವನೇ. ಲೋಟ ಕೊಡುತ್ತಾ ಕೇಳಿದ: "ನೀವು ಸುಮ್ನೆ ಇರ್ಬಹುದಿತ್ತಲ್ವಾ ಅಂಕಲ್? ಹಳೇ ಗಾಡಿ, ಏನೋ ಆಯ್ತು ಅಂತ ನಾನು ಅಂದ್ಕೋತಿದ್ದೆ."

"ಗಾಡಿ ಹೋದ್ರ ಮತ್ತೊಂದು ಕಟ್ಟಬಹುದರಿ. ಮ್ಯಾಲೆ ಕುಂತಾವ್ರು ನೀವಲ್ರೀ?"

ಮಿಥುನ ಎರಡೇ ಒದೆತಕ್ಕೆ ಗಾಡಿ ಚಾಲೂ ಮಾಡಿ ಐದು ನಿಮಿಷ ಹಾಗೇ ಓಡಲು ಬಿಟ್ಟ. ಸಿದ್ದಲಿಂಗಪ್ಪ ಕಣ್ಣು ಮುಚ್ಚಿ ಸದ್ದು ಕೇಳಿದರು, ತಲೆಯಾಡಿಸಿದರು. ಅವನು ಘಾಟಿನ ಕಡೆ ತಿರುಗಿದ. ಸಂಜೆ ನಾಲ್ಕಕ್ಕೆ ಅವನ ಫೋನ್ ಬಂತು: ಹತ್ತಿ ಇಳಿದಾಯಿತು, ಎಲ್ಲೂ ತೊಂದರೆಯಾಗಲಿಲ್ಲ.

ಅದಕ್ಕೂ ಮೊದಲು, ಭೋರ್‌ನಿಂದ ಮರಳುವಾಗ ಸಿದ್ದಲಿಂಗಪ್ಪ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಕಾತ್ರಜದ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಾಗ ಹೇಳಿದರು, "ಸೋಮವಾರ ಕಣ್ಣಿನ ದವಾಖಾನಿಗೆ ಹೋಗೂಣು."

"ಮೊದಲ ಹೇಳಬೇಕಿತ್ತರಿ."

"ಹೇಳಬೇಕಿತ್ತು."

ಕಣ್ಣಿನ ಪೊರೆ ತೆಗೆಸಿದ ತಿಂಗಳಲ್ಲೇ ಅವರಿಗೆ ವರ್ನಿಯರಿನ ಗೀಟೆಲ್ಲ ಸ್ಪಷ್ಟವಾಗಿ ಕಂಡವು. ದಿನವೂ ಗ್ಯಾರೇಜಿಗೆ ಬಂದರು, ಅಳತೆ ಹಿಡಿದು ಕೊಟ್ಟರು. ಎಂಜಿನ್ ಮುಚ್ಚುವ ಕೆಲಸವನ್ನು ಮಾತ್ರ ಮತ್ತೆ ಕೇಳಲಿಲ್ಲ. ಮಾಧುರಿಯೂ ಬಿಟ್ಟುಕೊಡಲಿಲ್ಲ.