ರಿಪೋರ್ಟ್ ಚೆನ್ನಾಗಿ ಬಂತು, ಮಾತ್ರೆ ನಿಂತಿತು

ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಪ್ರೆಸ್ಸು. ಒಂದು ಮುದ್ರಣ ಯಂತ್ರ, ಒಂದು ಕತ್ತರಿಸುವ ಯಂತ್ರ, ಗೋಡೆಯುದ್ದಕ್ಕೂ ಕಾಗದದ ಕಟ್ಟು. ನಮ್ಮ ಯಜಮಾನರು ಮೆಷಿನ್ ಓಡಿಸುತ್ತಾರೆ, ನಾನು ಅಚ್ಚಾದ ಹಾಳೆಗಳನ್ನು ಎಣಿಸಿ ಕಟ್ಟುತ್ತೇನೆ, ಅತ್ತೆ ಕುರ್ಚಿಯಲ್ಲಿ ಕೂತು ಇಬ್ಬರನ್ನೂ ಬೈಯುತ್ತಾರೆ. ಹಾಗಾಗಿ ಮೂವರಿಗೂ ಕೈತುಂಬ ಕೆಲಸ.

ಆ ವಾರ ಯಾವುದೋ ಸೋಪಿನ ಹಳದಿ ಲೇಬಲ್ಲು ಅಚ್ಚಾಗುತ್ತಿತ್ತು. ಮೆಷಿನ್ನು ಹಳದಿ, ನೆಲ ಹಳದಿ, ಇವರ ಕೈಯೂ ಹಳದಿ. ಸಂಜೆ ಸೀಮೆಎಣ್ಣೆ ಬಟ್ಟೆಯಲ್ಲಿ ಕೈ ತಿಕ್ಕಿ ತಿಕ್ಕಿ ಸಾಕಾಗಿ, "ಎಂಥಾ ಶಾಯಿ ಕೊಟ್ಟಿದ್ದಾನೆ ನೋಡೇ, ಹೋಗ್ತಾನೇ ಇಲ್ಲ!" ಎಂದರು. ನಾನೂ ಸೇರಿಕೊಂಡು ಶಾಯಿ ಅಂಗಡಿಯವನಿಗೆ ಹಿಡಿಶಾಪ ಹಾಕಿದೆ. ಪಾಪ, ಅವನ ತಪ್ಪೇನೂ ಇರಲಿಲ್ಲ.

ಇವರು ಊಟ ಸೇರುತ್ತಿಲ್ಲ ಎಂದರು. ಶಾಯಿ ವಾಸನೆಗೆ ಇರಬೇಕು ಎಂದುಕೊಂಡೆವು. ಸುಸ್ತು ಎಂದರು. ಕೆಲಸ ಜಾಸ್ತಿಯಾಯಿತು ಎಂದುಕೊಂಡೆವು. ಮರುದಿನ ಬೆಳಗ್ಗೆ ಅಂಗಳದಲ್ಲಿ ಚಹಾ ಕೊಡಲು ಹೋದೆ. ಇವರು ಬಿಸಿಲಿಗೆ ಮುಖವೆತ್ತಿ ನನ್ನನ್ನು ನೋಡಿದರು. ಲೋಟ ಕೈಜಾರಿ ನೆಲಕ್ಕೆ ಬಿತ್ತು.

"ಅಯ್ಯೋ ದೇವ್ರೇ! ರೀ, ನಿಮ್ಮ ಕಣ್ಣು!"

"ಕಣ್ಣಿಗೇನಾಗಿದ್ಯೇ?"

ಕಣ್ಣಿನ ಬಿಳಿ ಭಾಗವೆಲ್ಲ ಆ ಲೇಬಲ್ಲಿನ ಬಣ್ಣವೇ ಆಗಿತ್ತು. ಕೈಗೇನೋ ಶಾಯಿ ಮೆತ್ತುತ್ತದೆ, ಕಣ್ಣಿಗೆ ಯಾರಾದರೂ ಶಾಯಿ ಬಳಿದುಕೊಳ್ಳುತ್ತಾರೆಯೇ? ಮೆಟ್ಟಿಲ ಬಳಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ, "ನರ್ಸಕ್ಕಾ! ಬೇಗ ಇಳಿದು ಬಾ!"

ನರ್ಸಕ್ಕ ನಮ್ಮ ಮೇಲಿನ ಮನೆಯವಳು. ಆಸ್ಪತ್ರೆಗೆ ಹೊರಟವಳು ಚಪ್ಪಲಿಯಲ್ಲೇ ಒಳಗೆ ಓಡಿ ಬಂದಳು. ಕೆಳರೆಪ್ಪೆ ಎಳೆದು ನೋಡಿದಳು. "ಮೂತ್ರ ಯಾವ ಬಣ್ಣ ತಮ್ಮಾ?" ಎಂದಳು. ಇವರು "ಕಪ್ಪು ಟೀ ಇದ್ದಂಗೆ" ಎಂದರು. ಅವಳ ಮುಖ ಬಿಗಿಯಿತು.

"ದಿನದ ಮಾತ್ರೆ ತಗೊಳ್ತಿದ್ದೀಯ ತಾನೆ?"

ಇವರು ತಾಯಿಯ ಮುಖ ನೋಡಿದರು. ಅತ್ತೆ ಗೋಡೆ ನೋಡಿದರು.

ಮಾತ್ರೆಯ ವಿಷಯ ಹೇಳಬೇಕು. ಎರಡು ವರ್ಷದ ಕೆಳಗೆ ಇವರು ರಕ್ತದಾನಕ್ಕೆ ಹೋದಾಗ ಹೆಪಟೈಟಿಸ್ ಬಿ ಎಂಬ ಲಿವರ್ ಸೋಂಕು ಇದೆ ಎಂದು ಗೊತ್ತಾಯಿತು. ಮೈಯಲ್ಲಿ ಒಂದು ಲಕ್ಷಣವೂ ಇರಲಿಲ್ಲ. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಮನೆಯವರೆಲ್ಲ ಪರೀಕ್ಷೆ ಮಾಡಿಸಿ ಎಂದು ನರ್ಸಕ್ಕ ಬೆನ್ನು ಹತ್ತಿದಳು. ನನಗೂ ಮಗಳಿಗೂ ಸೋಂಕು ಇರಲಿಲ್ಲ, ಲಸಿಕೆ ಹಾಕಿಸಿಕೊಂಡೆವು. ಅತ್ತೆ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಎಪ್ಪತ್ತು ದಾಟಿದೆ, ಕಲ್ಲುಗುಂಡಿನ ಹಾಗಿದ್ದೀನಿ. ನನಗ್ಯಾಕೇ ಸೂಜಿ?" ಎಂದುಬಿಟ್ಟರು.

ಈಗ ಅದೇ ಅತ್ತೆ ಸೆರಗಿನ ತುದಿ ಹಿಂಡುತ್ತ ಬಾಯಿಬಿಟ್ಟರು. "ನಾನೇ ನಿಲ್ಸು ಅಂದೆ. ರಕ್ತದಲ್ಲಿ ವೈರಸ್ಸು ಕಾಣ್ತಿಲ್ಲ ಅಂತ ರಿಪೋರ್ಟ್ ಬಂದಿತ್ತಲ್ಲಮ್ಮ. ಇಲ್ದೇ ಇರೋ ಕಾಯಿಲೆಗೆ ಮಾತ್ರೆ ಯಾಕೆ? ದಿನಾ ನುಂಗಿದ್ರೆ ಲಿವರ್ ಸುಟ್ಟುಹೋಗಲ್ವಾ?"

"ನಂಗೂ ಸರಿ ಅನ್ನಿಸ್ತಕ್ಕ," ಎಂದರು ಇವರು. "ಪ್ರೂಫಲ್ಲಿ ತಪ್ಪಿಲ್ಲ ಅಂದ್ಮೇಲೆ ಮತ್ತೆ ಮತ್ತೆ ತಿದ್ತಾ ಕೂರ್ತೀವಾ? ನಮ್ಮ ಪುಸ್ತಕ ಕಟ್ಟೋ ಬೈಂಡರ್‌ಗೂ ಲಿವರ್ ವೈರಸ್ಸಿತ್ತು. ಮೂರು ತಿಂಗಳು ಮಾತ್ರೆ ತಿಂದ, ವಾಸಿಯಾಯ್ತು, ಬಿಟ್ಟ."

"ಅವನಿಗಿದ್ದಿದ್ದು ಹೆಪಟೈಟಿಸ್ ಸಿ ಕಣಪ್ಪಾ! ಮಾತ್ರೆ ಕೋರ್ಸ್ ಮುಗಿಸಿದ್ರೆ ಅದು ಹೆಚ್ಚಿನವರಿಗೆ ಪೂರ್ತಿ ವಾಸಿಯಾಗುತ್ತೆ. ನಿಂದು ಬಿ. ಅದರ ದಾರಿಯೇ ಬೇರೆ. ಎಷ್ಟು ದಿನ ಆಯ್ತು ಬಿಟ್ಟು?"

"ನಾಲ್ಕು ತಿಂಗಳು."

ನನಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ತಿಂಗಳು! ಒಂದೇ ಸೂರಿನಡಿ ತಾಯಿ ಮಗ ಗುಟ್ಟು ಮಾಡಿಕೊಂಡು, ನಾನೇನು ದಾರಿಹೋಕಳೇ? ಜಗಳ ತೆಗೆಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಇವರು ಬಾಗಿ ಅಂಗಳದಲ್ಲೇ ವಾಂತಿ ಮಾಡಿಕೊಂಡರು. ಜಗಳ ಗಂಟಲಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ನೋಡಿದ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ವೈರಸ್ ಮತ್ತೆ ಎದ್ದಿದೆ. ಲಿವರ್‌ನ ಜೀವಕೋಶಗಳು ರಾಶಿ ರಾಶಿ ಸಾಯ್ತಿವೆ. ಮಾತ್ರೆ ಈಗಲೇ ಶುರು ಮಾಡ್ತೀವಿ. ಆದರೆ ಲಿವರ್ ಪೂರ್ತಿ ಕೈಕೊಟ್ಟರೂ ಕೊಡಬಹುದು. ಈ ವಾರ ಕಳೆಯೋವರೆಗೆ ನಾನು ಏನೂ ಹೇಳಲಾರೆ," ಎಂದರು.

ಮೊನ್ನೆ ತಾನೇ ಹಾಡು ಗುನುಗುತ್ತ ಮೆಷಿನ್ ಓಡಿಸುತ್ತಿದ್ದ ಮನುಷ್ಯ! ಅತ್ತೆ ಬೆಂಚಿನ ಮೇಲೆ ಕುಸಿದರು. "ಮಾತ್ರೆ ಬಿಟ್ಟ ಮೇಲೂ ಚೆನ್ನಾಗೇ ಇದ್ದನಲ್ಲಮ್ಮಾ," ಎಂದು ಒಂದೇ ಮಾತನ್ನು ಹೇಳುತ್ತ ಹೋದರು.

ನರ್ಸಕ್ಕ ಅವರ ಪಕ್ಕ ಕೂತಳು. "ನೋಡಮ್ಮ, ಈ ವೈರಸ್ಸು ಲಿವರ್‌ನ ಜೀವಕೋಶದೊಳಗೆ ಹೊಕ್ಕು ತನ್ನಂಥದ್ದೇ ಸಾವಿರಾರು ನಕಲು ಮಾಡಿಸಿಕೊಳ್ಳುತ್ತೆ. ಅದನ್ನ ಕಂಡು ನಮ್ಮ ಮೈಯ ಕಾವಲು ಪಡೆ ಎದ್ದು ನುಗ್ಗುತ್ತೆ. ವೈರಸ್ಸಿರೋ ಜೀವಕೋಶವನ್ನೇ ಕೊಂದುಹಾಕುತ್ತೆ."

"ನಮ್ಮ ಮೈಯೇ ನಮ್ಮ ಲಿವರ್‌ನ ಕೊಲ್ಲುತ್ತಾ?" ಅತ್ತೆ ಕಣ್ಣರಳಿಸಿದರು.

"ಹೌದಮ್ಮ. ವರ್ಷಗಟ್ಟಲೆ ಹೀಗೇ ಆದ್ರೆ ಲಿವರ್ ಗಾಯದ ಕಲೆಯಿಂದ ಗಟ್ಟಿಯಾಗುತ್ತೆ, ಕ್ಯಾನ್ಸರ್ ಕೂಡ ಬರಬಹುದು. ಮಾತ್ರೆ ಆ ನಕಲು ಮಾಡೋದನ್ನ ತಡೆಯುತ್ತೆ. ನಕಲು ನಿಂತ್ರೆ ಕಾವಲು ಪಡೆನೂ ತಣ್ಣಗಾಗುತ್ತೆ, ಊತ ಇಳಿಯುತ್ತೆ, ಹೊಸ ಜೀವಕೋಶ ಬೆಳೆಯುತ್ತೆ. ಲಿವರ್ ಸುಡ್ತಿದ್ದಿದ್ದು ಮಾತ್ರೆ ಅಲ್ಲ, ವೈರಸ್ಸು. ಮಾತ್ರೆ ಅದನ್ನ ಕಾಯ್ತಿತ್ತು. ಕೆಲವು ಮಾತ್ರೆಯಿಂದ ಕೆಲವರಿಗೆ ಮೂತ್ರಪಿಂಡಕ್ಕೋ ಮೂಳೆಗೋ ತೊಂದರೆ ಆಗಬಹುದು, ಸುಳ್ಳು ಹೇಳಲ್ಲ. ಅದನ್ನ ನೋಡ್ಕೊಳ್ಳೋಕೆ ಅಂತಾನೇ ಆಗಾಗ ಪರೀಕ್ಷೆಗೆ ಕರೆಯೋದು."

ಆ ವಾರ ನಾನು ನಿದ್ದೆ ಮಾಡಿದ್ದು ಕುರ್ಚಿಯಲ್ಲಿ. ದಿನಾ ಇವರ ಕಣ್ಣು ನೋಡುವುದು, ಡಾಕ್ಟರ ಮುಖ ನೋಡುವುದು, ಇದೇ ಕೆಲಸ. ವಾರ ಕಳೆದ ಮೇಲೆ ಡಾಕ್ಟರು, "ಲಿವರ್ ಚೇತರಿಸಿಕೊಳ್ತಿದೆ, ಅದೃಷ್ಟವಂತ," ಎಂದರು. ನಾನು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ನನ್ನನ್ನು ನೋಡಿ ಅತ್ತೆಯೂ ಅತ್ತರು.

ಇವರು ಮೆತ್ತಗೆ ಕೇಳಿದರು, "ರಕ್ತದಲ್ಲಿ ವೈರಸ್ಸೇ ಇರ್ಲಿಲ್ಲ, ಮತ್ತೆ ಎಲ್ಲಿಂದ ಬಂತು ಡಾಕ್ಟ್ರೇ?"

"ರಕ್ತದಲ್ಲಿ ಕಾಣಲಿಲ್ಲ, ಅಷ್ಟೇ. ನಕಲು ಮಾಡೋ ಮೂಲ ಲಿವರ್ ಜೀವಕೋಶದ ಒಳಗೇ ಕೂತಿರುತ್ತೆ. ಇವತ್ತಿನ ಮಾತ್ರೆ ಅದನ್ನ ಕಿತ್ತು ಹಾಕಲಾರದು."

ಇವರು ದಡಕ್ಕನೆ ಎದ್ದು ಕೂತರು. "ಹಾಗಾದ್ರೆ ಅಚ್ಚಿನ ಪ್ಲೇಟು ಮೆಷಿನ್ನಲ್ಲೇ ಇತ್ತು! ಶಾಯಿ ನಿಲ್ಸಿದ್ವಿ, ಹಾಳೆ ಖಾಲಿ ಬಂತು. ಖಾಲಿ ಹಾಳೆ ನೋಡಿ ನಾನು ಕೆಲಸ ಮುಗೀತು ಅಂದ್ಕೊಂಡೆ. ಥೂ, ನನ್ನ ಬುದ್ಧಿಗಿಷ್ಟು!"

"ಸರಿಯಾಗಿ ಹೇಳಿದ್ರಿ," ಎಂದು ಡಾಕ್ಟರು ನಕ್ಕರು. "ಮಾತ್ರೆ ನಿಲ್ಲಿಸೋದಾದ್ರೆ ನಾನು ಹೇಳ್ತೀನಿ. ನೀವಾಗಿ ನಿಲ್ಲಿಸಬೇಡಿ."

ಕಥೆ ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಅತ್ತೆ ಈ ಸಲ ತಾವೇ ತೋಳು ಮುಂದೆ ಮಾಡಿ ಪರೀಕ್ಷೆ ಮಾಡಿಸಿಕೊಂಡರು. ಅವರಿಗೂ ಹೆಪಟೈಟಿಸ್ ಬಿ! ಕಲ್ಲುಗುಂಡಿನಂಥ ನಮ್ಮ ಅತ್ತೆಗೆ! ಎಷ್ಟು ವರ್ಷದಿಂದ ಇತ್ತೋ ಯಾರಿಗೂ ಗೊತ್ತಿಲ್ಲ. ಕೇಳಿ ನಾವೆಲ್ಲ ದಂಗಾದೆವು.

ಅತ್ತೆಯ ಬಾಯಿಂದ ಬಂದದ್ದು ಒಂದೇ ಮಾತು. "ನನ್ನ ಹಾಲಲ್ಲಿ ಮಗನಿಗೆ ವಿಷ ಕುಡಿಸಿದ್ನಾ?"

"ಹಾಲಿನಿಂದ ಅಲ್ಲಮ್ಮ," ನರ್ಸಕ್ಕ ಅವರ ಕೈ ಹಿಡಿದಳು. "ಹೆರಿಗೆ ಹೊತ್ತಲ್ಲಿ ರಕ್ತದಿಂದ ಬಂದಿರಬಹುದು. ನೀವು ಹೆತ್ತಾಗ ನಿಮಗೆ ಪರೀಕ್ಷೆನೂ ಇರಲಿಲ್ಲ, ಮಗೂಗೆ ಲಸಿಕೆನೂ ಇರಲಿಲ್ಲ. ನಿಮ್ಮ ತಪ್ಪೇನಿದೆ ಇದರಲ್ಲಿ?" ಅತ್ತೆಯ ಲಿವರ್ ಸದ್ಯಕ್ಕೆ ಚೆನ್ನಾಗಿದೆ, ಈಗಲೇ ಮಾತ್ರೆ ಬೇಡ, ಆರು ತಿಂಗಳಿಗೊಮ್ಮೆ ತಪ್ಪದೆ ಪರೀಕ್ಷೆಗೆ ಬನ್ನಿ ಎಂದು ಡಾಕ್ಟರು ಹೇಳಿದರು.

ಮನೆಗೆ ಬಂದೆವು. ಮಧ್ಯಾಹ್ನ ಊಟಕ್ಕೆ ಕರೆದರೆ ಅತ್ತೆ ಇಲ್ಲ. ನೋಡಿದರೆ ಪ್ರೆಸ್ಸಿನ ಮೂಲೆಯಲ್ಲಿ ಕಾಗದದ ಕಟ್ಟುಗಳ ಹಿಂದೆ ಒಬ್ಬರೇ ಕೂತಿದ್ದಾರೆ. ತಟ್ಟೆ ಬೇರೆ, ಲೋಟ ಬೇರೆ. ಮೊಮ್ಮಗಳು ಹತ್ತಿರ ಹೋದರೆ, "ಬರಬೇಡ, ದೂರ ಹೋಗು," ಎಂದು ಗದರಿದರು. ಬೈಯುವುದು ಅವರಿಗೆ ಹೊಸದಲ್ಲ, ಆದರೆ ಆ ದನಿ ಹೊಸದು.

ನಾನು ಹೋಗಿ ಅವರೆದುರು ಚಕ್ಕಂಬಕ್ಕಳ ಹಾಕಿ ಕೂತೆ. ಅವರ ತಟ್ಟೆಗೇ ಕೈ ಹಾಕಿ ಒಂದು ತುತ್ತು ತಿಂದೆ.

"ಏನೇ ಇದು! ಹುಚ್ಚು ಹಿಡೀತಾ ನಿಂಗೆ?"

"ಅತ್ತೆ, ಇದು ರಕ್ತದಿಂದ ಬರೋ ಕಾಯಿಲೆ, ಅನ್ನದಿಂದಲ್ಲ. ನಿಮ್ಮ ಮಗನ ಜೊತೆ ಒಂದೇ ತಟ್ಟೇಲಿ ತಿಂದವಳು ನಾನು. ಲಸಿಕೆನೂ ಆಗಿದೆ. ಕ್ಷೌರದ ಬ್ಲೇಡು, ಹಲ್ಲುಜ್ಜೋ ಬ್ರಷ್ಷು, ಸೂಜಿ ಮಾತ್ರ ಬೇರೆ ಇರಲಿ. ಇನ್ನೊಂದು ಸಲ ಈ ಮೂಲೇಲಿ ಕೂತ್ರೆ ನಿಮ್ಮನ್ನೂ ಎಣಿಸಿ ಕಟ್ಟಿ ಗಿರಾಕಿಗೆ ಕಳಿಸ್ತೀನಿ ನೋಡಿ!"

ಅತ್ತೆ ನನ್ನನ್ನೇ ನೋಡಿದರು. ಕಣ್ಣು ತುಂಬಿತ್ತು. ತಟ್ಟೆಯನ್ನು ನನ್ನ ಕಡೆಗೆ ತುಸು ಸರಿಸಿ, "ಉಪ್ಪು ಕಮ್ಮಿಯಾಗಿದೆ ಕಣೇ, ಒಂದು ದಿನ ಆದ್ರೂ ಸರಿಯಾಗಿ ಹಾಕಿದ್ದೀಯ?" ಎಂದರು. ಆ ಬೈಗುಳ ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಈಗ ದಿನಾ ಸಂಜೆ ಮೆಷಿನ್ ನಿಂತ ಕೂಡಲೇ ಅತ್ತೆ ಮಾತ್ರೆ ಹಿಡಿದು ಮಗನ ಮುಂದೆ ನಿಲ್ಲುತ್ತಾರೆ. ನುಂಗಿ ಬಾಯಿ ತೆರೆದು ತೋರಿಸುವವರೆಗೂ ಕದಲುವುದಿಲ್ಲ. ನಿಲ್ಲಿಸು ಎಂದವರೇ ಈಗ ಕಾವಲುಗಾರರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮನ್ನೂ ಒಂದು ಮಾತು ಕೇಳುತ್ತೇನೆ. ನಿಮಗೆ ಹೆಪಟೈಟಿಸ್ ಇದೆಯೋ ಇಲ್ಲವೋ ಗೊತ್ತೇ? "ಆರೋಗ್ಯವಾಗಿದ್ದೀನಿ" ಎನ್ನಬೇಡಿ, ನಮ್ಮ ಅತ್ತೆಯೂ ಹಾಗೇ ಎನ್ನುತ್ತಿದ್ದರು. ಹತ್ತಿರದ ಆಸ್ಪತ್ರೆಗೆ ಹೋಗಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಸೋಂಕು ಇಲ್ಲದಿದ್ದರೆ ಹೆಪಟೈಟಿಸ್ ಬಿ ಲಸಿಕೆಯ ಬಗ್ಗೆ ಕೇಳಿ. ಬಸುರಿಯರು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಿ. ಕೂಸು ಹುಟ್ಟಿದ ದಿನವೇ ಮೊದಲ ಲಸಿಕೆ ಬೀಳಲಿ. ಮಾತ್ರೆ ಬರೆದುಕೊಟ್ಟಿದ್ದರೆ ರಿಪೋರ್ಟ್ ಎಷ್ಟೇ ಚೆನ್ನಾಗಿ ಬರಲಿ, ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಸೋಂಕು ಇರುವವರು ನಿಮ್ಮ ಮನೆಯಲ್ಲಿ ಯಾರಾದರೂ ಮೂಲೆ ಸೇರಿದ್ದರೆ, ಇವತ್ತೇ ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಿ.